ಹೊಳ್ಳಿ ಹೇಳು

ಮೊನ್ನೆ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ, ವಿಚಾರಣೆಯ ಕಿಟಕಿಯೊಳಗೆ ಕುಳಿತವರು ನನ್ನನ್ನು ಕನ್ನಡಕದ ಮೇಲಿಂದ ಸ್ವಲ್ಪ ಹೊತ್ತು ನೋಡಿದರು. ಇಳಕಲ್ಲಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಕೇಳಿದ್ದೆ. ಅವರು ಒಂದೇ ಉಸಿರಿನಲ್ಲಿ, "ಇಳಕಲ್ ಗಾಡಿ ಕೆಟ್ಟು ನಿಂತೈತಿ. ಅಮೀನಗಡದ ಗಾಡಿ ಹತ್ತು. ಅಲ್ಲಿ ಕರದಂಟಿನ ಅಂಗಡಿ ಮುಂದ ಇಳದು ನಿಂತ್ರ ಹುನಗುಂದದ್ದು ಬರ್ತೈತಿ. ಹುನಗುಂದದಾಗ ಮತ್ತ ಬದಲಿ ಮಾಡು" ಎಂದರು. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಇಳಕಲ್ ಗಾಡಿ ಕೆಟ್ಟು ನಿಂತಿದೆ ಎಂಬಲ್ಲಿಂದ ಹುನಗುಂದದಲ್ಲಿ ಬದಲಿ ಮಾಡಬೇಕು ಎಂಬಲ್ಲಿಯವರೆಗೆ, ನಡುವಿನ ಕರದಂಟಿನ ಅಂಗಡಿಯನ್ನೂ ಬಿಡದೆ, ಎಲ್ಲವನ್ನೂ ಅವರಿಗೇ ತಿರುಗಿ ಒಪ್ಪಿಸಿದೆ.

"ಏನವಾ," ಅಂದರು, "ನಾ ಹೇಳಿದ್ದು ನನಗ ಹೇಳಾಕತ್ತಿಯಲ್ಲ. ಇಳಕಲ್ಲಿಗೆ ಹೊಂಟಾಕಿ ನೀನೋ, ನಾನೋ?"

ಸರದಿಯಲ್ಲಿ ನನ್ನ ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆ. ಹೀಗೆ ನಗಿಸಿಕೊಳ್ಳುವುದು ನನಗೆ ಹೊಸದಲ್ಲ.

ನಾನು ದಿನಚರಿ ಬರೆಯುವವಳು. ತಾರೀಖು, ವಾರ, ಹವೆ, ಬಂದ ಪತ್ರ, ಓದಿದ ಪುಟ, ಎಲ್ಲಕ್ಕೂ ಗೆರೆ ಎಳೆದು ಮನೆ ಮಾಡಿಟ್ಟಿದ್ದೇನೆ. ಈ ವರ್ಷ ಒಂದು ಹೊಸ ಮನೆ ಸೇರಿಸಿದೆ: ಹೇಳಿದವರಿಗೇ ತಿರುಗಿ ಹೇಳಿದ್ದು. ಒಂದೊಂದು ಸಲಕ್ಕೆ ಒಂದೊಂದು ಗೀಟು, ಐದನೆಯದು ಅಡ್ಡ ಗೀಟು. ತಿಂಗಳ ಕೊನೆಗೆ ಆ ಮನೆ ಬೇಲಿ ಹಾಕಿದ ಹೊಲದ ಹಾಗೆ ಕಾಣುತ್ತದೆ. ಹೆಚ್ಚಿನ ಗೀಟುಗಳು ನಾನು ಇರುವ ಬಾಡಿಗೆ ಕೋಣೆಯ ಮಾಲೀಕರವು. ಅವರು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ, ಅಣೆಕಟ್ಟು ಮುಗಿದರೆ ಹೊಳೆಯ ನೀರು ಊರಲ್ಲಿ ಎಲ್ಲಿಯವರೆಗೆ ಬರುತ್ತದಂತೆ, ಮನೆ ಮುಳುಗುವವರಲ್ಲಿ ಯಾರಿಗೆ ನವನಗರದಲ್ಲಿ ಎಲ್ಲಿ ಜಾಗ ಕೊಡುತ್ತಾರಂತೆ ಎಂದು ಹೇಳುತ್ತಾರೆ. ನಾನು ಅಷ್ಟನ್ನೂ ತಿರುಗಿ ಹೇಳುತ್ತೇನೆ. ಅವರೊಬ್ಬರಿಗೆ ಮಾತ್ರ ಇದರಿಂದ ಬೇಸರವಿಲ್ಲ. ತಮ್ಮ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಸರಕಾರದ ಮಾತಿನ ಹಾಗೆ ಕೇಳಿಸುತ್ತದೆ ಎನ್ನುತ್ತಾರೆ. ನಾನೀಗ ಇಲ್ಲಿ ಶಿಕ್ಷಕಿಯ ತರಬೇತಿಯಲ್ಲಿದ್ದೇನೆ. ಪಾಠ ಮಾಡುವ ಬಗೆಗಳ ಬಗ್ಗೆ ನಮಗೆ ಪಾಠ ಮಾಡುತ್ತಾರೆ. ನನಗೆ ಅಂಟಿದ ಬಗೆ ಅವುಗಳಲ್ಲಿ ಯಾವುದೂ ಅಲ್ಲ.

ಅದು ಅಂಟಿದ್ದು ಬಾದಾಮಿಯಲ್ಲಿ, ಎಪ್ಪತ್ತರ ದಶಕದಲ್ಲಿ. ಅಂಟಿಸಿದವಳು ನನ್ನ ಅವ್ವ.

ಅಪ್ಪ ಕ್ರೈಸ್ತ ಸಭೆಯ ಉಪದೇಶಿ. ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಪ್ರಾರ್ಥನೆ ನಡೆಸುವುದು, ಕಾಯಿಲೆ ಬಿದ್ದವರನ್ನು ಮಾತಾಡಿಸುವುದು, ಮದುವೆಗೂ ಮಣ್ಣಿಗೂ ಹೋಗುವುದು ಅವನ ಕೆಲಸ. ಉಪದೇಶಿಯನ್ನು ಒಂದೇ ಊರಲ್ಲಿ ಬಹಳ ಕಾಲ ಇಡುವ ರೂಢಿ ಇರಲಿಲ್ಲ. ನಾನು ಶಾಲೆಗೆ ಸೇರಬೇಕಾಗಿದ್ದ ಜೂನ್ ತಿಂಗಳಲ್ಲಿ ವಿಷಮಜ್ವರ ಬಂದು ಮಲಗಿದೆ. ಎದ್ದು ಕೂತಾಗ ನನ್ನ ಕೂದಲೂ ಉದುರಿದ್ದವು, ಶಾಲೆಯಲ್ಲಿ ಹೆಸರು ಹಚ್ಚುವ ಕಾಲವೂ ಮುಗಿದಿತ್ತು. ಮುಂದಿನ ಜೂನ್ ಬರುವ ಹೊತ್ತಿಗೆ ಅಪ್ಪನಿಗೆ ವರ್ಗವಾಗುತ್ತದೆ ಎಂಬ ಸುದ್ದಿ. ವರ್ಗವಾದ ಮೇಲೆ ಹೊಸ ಊರಲ್ಲೇ ಹಚ್ಚಿದರಾಯಿತು ಎಂದು ಅಪ್ಪ ಹೇಳಿದ. "ಹಂಗಾರ ಅಲ್ಲೀ ತನಕ ಮನ್ಯಾಗ ಓದ್ಲಿ, ನಾ ಕಲಿಸ್ತೇನಿ" ಎಂದಳು ಅವ್ವ. ಅಲ್ಲಿಯ ತನಕ ಎಂಬುದು ನಾಲ್ಕು ವರ್ಷವಾಯಿತು.

ಅವ್ವ ಹುಡುಗಿಯರ ಬೋರ್ಡಿಂಗಿನಲ್ಲಿ ಇದ್ದು ಮುಲ್ಕಿಯವರೆಗೆ, ಅಂದರೆ ಏಳನೆಯ ಇಯತ್ತೆಯವರೆಗೆ, ಓದಿದವಳು. ಅಲ್ಲಿಯ ವಾಚನಾಲಯ ಮುಚ್ಚಿದಾಗ ಹಳೆಯ ಪುಸ್ತಕಗಳನ್ನು ಹುಡುಗಿಯರಿಗೆ ಹಂಚಿದರಂತೆ. ಮುಂದೆ ನಿಂತವರು ರಟ್ಟು ಗಟ್ಟಿ ಇದ್ದವನ್ನು ಆರಿಸಿಕೊಂಡರು. ಅವ್ವ ಸರದಿಯ ಕೊನೆಗೆ ನಿಂತಿದ್ದಳು, ಅವಳಿಗೆ ರಟ್ಟಿಲ್ಲದವು ಸಿಕ್ಕವು. ಹೀಗಾಗಿ ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿದ್ದ ಪುಸ್ತಕಗಳಿಗೆ ಹೆಸರಿರಲಿಲ್ಲ, ಬರೆದವರೂ ಇರಲಿಲ್ಲ. ನಾವೇ ಹೆಸರಿಟ್ಟಿದ್ದೆವು: ಅಂಚೆಯವನ ಪುಸ್ತಕ, ಜೇನುಹುಳದ ಪುಸ್ತಕ, ಕುಂಟ ರಾಣಿಯ ಪುಸ್ತಕ. ಬೆಳಗಿನ ಪ್ರಾರ್ಥನೆಗೆ ಓದುವ ಕಪ್ಪು ರಟ್ಟಿನ ದೊಡ್ಡ ಪುಸ್ತಕ ಒಂದಕ್ಕೇ ಹೊದಿಕೆ ಇದ್ದದ್ದು. ಸಣ್ಣವಳಾಗಿದ್ದಾಗ ನಾನು, ದೇವರು ತನ್ನದಕ್ಕೆ ಮಾತ್ರ ರಟ್ಟು ಉಳಿಸಿಕೊಂಡಿದ್ದಾನೆ ಎಂದುಕೊಂಡಿದ್ದೆ.

ಶಾಲೆಯ ಪಠ್ಯಪುಸ್ತಕವನ್ನು ಅವ್ವ ತರಿಸಲೇ ಇಲ್ಲ. ಅಪ್ಪ ಒಮ್ಮೆ ಕೇಳಿದ್ದಕ್ಕೆ, "ಸಾಲಿ ಪುಸ್ತಕ ಅಂದ್ರ ಮದವಿ ಮನಿ ತಾಟು ಇದ್ದಂಗ" ಎಂದಳು. "ಎಲ್ಲಾ ಇಷ್ಟಿಷ್ಟ ಹಾಕಿರ್ತಾರ. ಯಾವುದೂ ಹೊಟ್ಟಿ ತುಂಬೂದಿಲ್ಲ."

ಅವಳ ಕ್ರಮ ಹೀಗೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಟ್ರಂಕಿನ ಒಂದು ಪುಸ್ತಕ ತೆಗೆದು ಒಂದು ಅಧ್ಯಾಯ ಓದುವಳು. ಒಂದೇ ಸಲ. ಎರಡನೆಯ ಸಲ ಓದು ಎಂದರೆ ಓದುತ್ತಿರಲಿಲ್ಲ. ಆಮೇಲೆ ಒಲೆ ಹೊತ್ತಿಸಿ, ಜೋಳದ ಹಿಟ್ಟು ನಾದಿ, ರೊಟ್ಟಿ ತಟ್ಟಲು ಕೂಡುವಳು. ಕೂಡುತ್ತ ಹೇಳುವಳು: "ಹೂಂ, ಹೊಳ್ಳಿ ಹೇಳು."

ಹೊಳ್ಳಿ ಎಂದರೆ ತಿರುಗಿ. ಕೇಳಿದ್ದನ್ನು ಮೊದಲಿನಿಂದ ನಾನು ನನ್ನ ಬಾಯಲ್ಲಿ ಹೇಳಬೇಕು. ಪ್ರಶ್ನೆ ಇಲ್ಲ, ಉತ್ತರ ಇಲ್ಲ, ಪರೀಕ್ಷೆ ಇಲ್ಲ. ಪಟ್ ಪಟ್ ಎಂದು ರೊಟ್ಟಿ ತಟ್ಟುವ ಸಪ್ಪಳ ಒಂದೇ. ಆ ಸಪ್ಪಳ ನಿಂತಿತೆಂದರೆ ನಾನು ಏನೋ ಬಿಟ್ಟಿದ್ದೇನೆ ಎಂದು ಅರ್ಥ.

"ನಾಯಿ ಎಲ್ಲಿ ಹೋತು?" ಎಂದು ಒಂದು ದಿನ ಸಪ್ಪಳ ನಿಲ್ಲಿಸಿ ಕೇಳಿದಳು. ಹಿಮದ ನಾಡಿನಲ್ಲಿ ಪತ್ರ ಹಂಚುವ ಅಂಚೆಯವನ ಪುಸ್ತಕ ಅದು. ಅವನ ಜೊತೆ ಒಂದು ನಾಯಿ.

"ನಾಯಿ ಸುಮ್ಮನ ಕುಂತಿತ್ತವಾ. ಏನೂ ಮಾಡ್ಲಿಲ್ಲ."

"ಸುಮ್ಮನ ಕುಂತಿತ್ತು ಅಂತರ ಹೇಳಬೇಕಲ್ಲ. ಬಿಟ್ಟು ಹೇಳಿದ್ರ ಅದು ಹೇಳಿದ್ಹಂಗಲ್ಲ."

ಹಿಮ ಎಂದರೇನು ಎಂದು ನಾನು ಕೇಳಿದ್ದೂ ಆಗಲೇ. ಬಾದಾಮಿಯ ಬೇಸಗೆಯಲ್ಲಿ, ಗುಡ್ಡದ ಕೆಂಪು ಕಲ್ಲು ಸಂಜೆಯವರೆಗೂ ಬಿಸಿ ಉಗುಳುವ ಊರಿನಲ್ಲಿ, ಅವ್ವನಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಳು. ಆದರೆ ಮರುದಿನ ಐಸ್‌ಕ್ಯಾಂಡಿ ಡಬ್ಬಿಯವನನ್ನು ನಿಲ್ಲಿಸಿ ಒಂದು ಕ್ಯಾಂಡಿ ಕೊಂಡು, ನನ್ನ ಅಂಗೈ ಮೇಲೆ ಇಟ್ಟು, "ಊರು ತುಂಬಾ ಇದು ಬಿದ್ದೈತಿ ಅಂತ ತಿಳಕೊ" ಎಂದಳು. ನಾನು ತಿಳಿದುಕೊಳ್ಳುವಷ್ಟರಲ್ಲಿ ಅದು ಕರಗಿ ಮೊಣಕೈಗೆ ಇಳಿಯಿತು. ಬಹಳ ವರ್ಷ ನಾನು ಹಿಮದ ನಾಡು ಕಿತ್ತಳೆ ಬಣ್ಣದ್ದು ಎಂದೇ ನಂಬಿದ್ದೆ.

ಕೊನೆಗೂ ವರ್ಗವಾಯಿತು. ಇಳಕಲ್ಲಿಗೆ ಬಂದೆವು. ಮನೆ ಹಿಡಿಯುವುದು, ಅಪ್ಪನ ತಿರುಗಾಟ, ಶಾಲೆ ಎಂದರೆ ಅವ್ವ ಮಾತು ಬದಲಿಸುವುದು, ಹೀಗೆ ಮತ್ತೆ ಜೂನ್‌ಗಳು ದಾಟಿದವು. ಅಲ್ಲಿ ನಮ್ಮ ಪಕ್ಕದ ಮನೆ ನೇಕಾರ ಯೋನಪ್ಪನದು. ಅವರೂ ನಮ್ಮ ಸಭೆಯವರೇ. ಅವನ ಹೆಂಡತಿ ರೂತವ್ವನನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಅವಳ ಮಗ ಏಲಿಯಾ ನನಗಿಂತ ಸಣ್ಣವ, ಎಲ್ಲರ ಬಾಯಲ್ಲಿ ಏಲ್ಯಾ. ಒಂದು ದಿನ ಗೋಡೆಯ ಆಚೆಯಿಂದ ನಮ್ಮ ಓದು ಕೇಳಿದ ಚಿಗವ್ವ, "ನಿನ್ನ ಮಗಳಿಗೆ ಓದೂದು ನಮ್ಮ ಮಗ್ಗದ ಮುಂದ ಓದು, ನಮ್ಮ ಹುಡುಗನ ಕಿವ್ಯಾಗೂ ನಾಕು ಬೀಳ್ಲಿ" ಎಂದು ಕರೆದಳು. ಅಂದಿನಿಂದ ಅವ್ವನ ಶಾಲೆ ಮಗ್ಗದ ಮನೆಗೆ ಹೋಯಿತು. ಚಿಗವ್ವ ಕಂಡಿಕೆಗೆ ನೂಲು ಸುತ್ತುತ್ತ ನಮಗೆ ಲೆಕ್ಕದ ಮಗ್ಗಿ ಹೇಳಿಕೊಡುವಳು. ಅವ್ವ ಲೆಕ್ಕದಲ್ಲಿ ಹಿಂದೆ. ಮಗ್ಗದ ಮನೆಯಲ್ಲೇ ಮಗ್ಗಿ ಹುಟ್ಟಿದ್ದು ಎಂದು ಏಲ್ಯಾ ನಂಬಿದ್ದ, ನಾನೂ ಅಲ್ಲಗಳೆಯಲಿಲ್ಲ.

ಈ ಏರ್ಪಾಟಿನಿಂದ ತೊಂದರೆಯಾದದ್ದು ಯೋನಪ್ಪ ಕಾಕಾನಿಗೆ. ಕಥೆ ಬಿಗಿಯಾದಲ್ಲಿ ಅವನ ಮಗ್ಗ ತಾನಾಗಿ ನಿಲ್ಲುತ್ತಿತ್ತು. "ವೈನಿ, ನಿಮ್ಮ ಕತಿ ಮುಗಿಯೂ ತನಕ ನನ್ನ ಸೀರಿ ಮುಗಿಯೂದಿಲ್ಲ ನೋಡ್ರಿ" ಎನ್ನುವನು. ಎಂದೂ ಓದು ನಿಲ್ಲಿಸಿರಿ ಎನ್ನಲಿಲ್ಲ.

ಅಂಚೆಯವನ ಪುಸ್ತಕದ ಕೊನೆಯ ಪುಟಗಳನ್ನು ಗೆದ್ದಲು ತಿಂದಿತ್ತು. ಅವನು ಚೀಲದಲ್ಲಿ ಉಳಿದ ಕೊನೆಯ ಪತ್ರ ಹಿಡಿದು, ಮುಚ್ಚಿದ ಒಂದು ಬಾಗಿಲ ಮುಂದೆ ನಿಂತು ಕೈ ಎತ್ತುತ್ತಾನೆ. ಅಲ್ಲಿಗೆ ಗೆದ್ದಲು. ಅಲ್ಲಿಗೆ ಬಂದಾಗಲೆಲ್ಲ ಅವ್ವ ಪುಸ್ತಕ ಮುಚ್ಚಿ, "ಇಲ್ಲಿಂದ ನೀವು ತುಂಬ್ರಿ" ಎನ್ನುವಳು. ನಾನು ಬಾಗಿಲು ತೆರೆಸಿ ಒಳಗೆ ಅಂಚೆಯವನ ತಾಯಿಯನ್ನೇ ನಿಲ್ಲಿಸುತ್ತಿದ್ದೆ. ಏಲ್ಯಾನ ಕೊನೆಯಲ್ಲಿ ಪ್ರತಿ ಸಲ ಹುನಗುಂದದ ಬಸ್ಸು ಬಂದು ಎಲ್ಲರನ್ನೂ ಹತ್ತಿಸಿಕೊಂಡು ಹೋಗುತ್ತಿತ್ತು, ನಾಯಿಗೆ ಅರ್ಧ ಟಿಕೆಟ್ಟು. ಚಿಗವ್ವ ಮಾತ್ರ, "ಏನಿಲ್ಲ, ಮನಿ ತಪ್ಪಿ ಬಂದಿರ್ತಾನ" ಎಂದು ಒಂದೇ ಮಾತಿನಲ್ಲಿ ಮುಗಿಸುವಳು. ಗೆದ್ದಲು ತಿಂದಲ್ಲಿ ಎಷ್ಟು ಬೇಕಾದರೂ ತುಂಬಬಹುದು, ಹಾಳೆ ಇದ್ದಷ್ಟು, ಉಸಿರು ಇದ್ದಷ್ಟು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ನಾನು ಮುಗ್ಗರಿಸಿದ್ದು ಇಲ್ಲಿಯೇ.

ನನಗೆ ಹತ್ತು ತುಂಬಿದಾಗ ಅಪ್ಪ ಕೂತು ಮಾತಾಡಿದ. ಶಾಲೆಯಲ್ಲಿ ಹೆಸರಿಲ್ಲದೆ ಮುಲ್ಕಿ ಪರೀಕ್ಷೆಗೆ ಕೂಡಿಸುವುದಿಲ್ಲ, ಮುಲ್ಕಿ ಇಲ್ಲದೆ ಮುಂದೆ ಯಾವ ದಾರಿಯೂ ಇಲ್ಲ. ಈ ಜೂನ್ ತಪ್ಪಬಾರದು. ಹೆಡ್ ಮಾಸ್ತರರು ಸಣ್ಣ ಪರೀಕ್ಷೆ ಮಾಡಿ, ಯಾವ ಇಯತ್ತೆಯಲ್ಲಿ ಕೂಡಿಸಬೇಕೋ ಅಲ್ಲಿ ಕೂಡಿಸುತ್ತಾರೆ. ಐದನೆಯದರಲ್ಲಿ ತೆಗೆದುಕೊಂಡರೆ ನನ್ನ ಓರಗೆಯವರ ಜೊತೆ ಇರುತ್ತೇನೆ. ಇಲ್ಲದಿದ್ದರೆ ಮೂಗು ಸುರಿಸುವ ಹುಡುಗರ ನಡುವೆ.

ನಳದ ಹತ್ತಿರ ಬಹಳ ದಿನದಿಂದ ನಡೆಯುತ್ತಿದ್ದ ಮಾತು ಅವಳಿಗೂ ನನಗೂ ಗೊತ್ತಿತ್ತು. "ಮನ್ಯಾಗ ಕುಂತು ಕತಿ ಕೇಳಿದ್ರ ವಿದ್ಯಾ ಬರ್ತೈತೇನವಾ? ಮಗಳ ಬಾಳೇ ಕೆಡಸಾಕತ್ತಾಳ ಉಪದೇಶಿ ಹೇಂತಿ." ಪರೀಕ್ಷೆ ನನ್ನದು, ಫಲಿತಾಂಶ ಅವಳದು. ಏಲ್ಯಾನನ್ನು ಮನೆಯಲ್ಲಿ ಇಟ್ಟುಕೊಳ್ಳುವುದೋ ಬೇಡವೋ ಎಂಬುದನ್ನು ಚಿಗವ್ವನೂ ಅಂದೇ ತೀರ್ಮಾನಿಸುವವಳಿದ್ದಳು. ಅಪ್ಪನಿಗೆ ಆ ದಿನವೇ ಹುನಗುಂದದಲ್ಲಿ ಸಭೆಯ ಕೂಟ. ಅವ್ವ, ನಾನು, ಚಿಗವ್ವ, ಏಲ್ಯಾ ನಾಲ್ವರೇ ಹೋದೆವು. ಚಿಗವ್ವ ಮಗನನ್ನು ಹಿಡಿದುಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ನಿಂತಳು.

ಹೆಡ್ ಮಾಸ್ತರರು ಹಣೆಯ ಮೇಲೆ ವಿಭೂತಿ ಹಚ್ಚಿದ, ಬಿಳಿ ಧೋತರದ, ಗಟ್ಟಿ ದನಿಯ ಮನುಷ್ಯ. ಆ ದನಿಗೆ ಒಂದು ಕೆಮ್ಮು. ಎರಡು ಮಾತಿಗೊಮ್ಮೆ ಕೆಮ್ಮಿ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಒತ್ತುತ್ತಿದ್ದರು.

"ಹೆಸರೇನವಾ?" ಎಂದರು.

ದೊಡ್ಡವರ ಮುಂದೆ ಪುಸ್ತಕದ ಮಾತು ಆಡಬೇಕು ಎಂದು ನಾನು ನಿರ್ಧರಿಸಿಕೊಂಡು ಬಂದಿದ್ದೆ. "ನನ್ನ ಹೆಸರು ಸುಗುಣಾ ಎಂಬುದಾಗಿದೆ" ಎಂದೆ.

"ಎಂಬುದಾಗಿದೆ?" ಎಂದು ಅವರು ಅವ್ವನ ಕಡೆ ನೋಡಿದರು. ಅವ್ವ ನೆಲ ನೋಡಿದಳು.

ಒಂದು ಹಾಳೆ ಕೊಟ್ಟರು. ಮೇಲೆ ಬರೆದಿತ್ತು: ಬಿಟ್ಟ ಸ್ಥಳ ತುಂಬಿರಿ. ಕೆಳಗೆ ವಾಕ್ಯಗಳು. ಪ್ರತಿ ವಾಕ್ಯದ ನಡುವೆ ಅಕ್ಷರ ಮಾಯವಾಗಿ ಬರೀ ಚುಕ್ಕೆ. ನನಗೆ ಬಹಳ ಸಮಾಧಾನವಾಯಿತು. ಇಲ್ಲಿಯೂ ಗೆದ್ದಲು ಬಿದ್ದಿದೆ. ಆದರೆ ಶಾಲೆಯ ಗೆದ್ದಲು ಅಚ್ಚುಕಟ್ಟಿನದು, ಅಳತೆ ಮಾಡಿ ತಿಂದಿದೆ. ನಾನು ಪೆನ್ಸಿಲು ಹಿಡಿದು ತುಂಬಲು ಕೂತೆ.

ಮಲಪ್ರಭಾ ನದಿಯ ದಂಡೆಯ ಮೇಲೆ, ಚುಕ್ಕೆ ಚುಕ್ಕೆ, ಇದೆ. ಅಲ್ಲಿ ಪಟ್ಟದಕಲ್ಲು ಎಂದು ಬರೆಯಬೇಕಿತ್ತಂತೆ. ನಾನು, ನಮ್ಮ ಅಪ್ಪ ಹಳ್ಳಿಯಿಂದ ಬರುತ್ತ ಸೈಕಲ್ ತೊಳೆಯುವ ಒಂದು ಚಪ್ಪಟೆ ಕಲ್ಲು ಇದೆ, ಅದರ ಮೇಲೆ ಕೂತರೆ ಕಾಲಿಗೆ ಮೀನು ಕಚ್ಚುತ್ತವೆ ಎಂದು ಬರೆದೆ. ರೈತನು ಹೊಲದಲ್ಲಿ, ಚುಕ್ಕೆ ಚುಕ್ಕೆ, ಬಿತ್ತುತ್ತಾನೆ. ಅಲ್ಲಿ, ಮುಂಜಾನೆ ಹೆಂಡತಿಯ ಸಂಗಡ ಜಗಳವಾಡಿದ್ದರಿಂದ ಬುತ್ತಿ ಬರುತ್ತದೋ ಇಲ್ಲವೋ ಎಂದು ದಾರಿ ನೋಡುತ್ತ ಜೋಳ ಎಂದು ತುಂಬಿದೆ. ಸ್ಥಳ ಸಾಲದೆ ಅಂಚಿಗೆ ಇಳಿದೆ, ಅಂಚು ಮುಗಿದು ಹಾಳೆ ತಿರುಗಿಸಿದೆ. ಜೇನುನೊಣದ ವಾಕ್ಯಕ್ಕೆ ಹಿಂದಿನ ಪುಟ ಪೂರ್ತಿ ಹೋಯಿತು, ಅದರ ಬಗ್ಗೆ ನನಗೆ ಒಂದು ಪುಸ್ತಕವೇ ಗೊತ್ತಿತ್ತಲ್ಲ. ಹೊರಗೆ ಗಂಟೆ ಬಾರಿಸಿದಾಗ ನನ್ನದು ಇನ್ನೂ ಅರ್ಧವೂ ಆಗಿರಲಿಲ್ಲ.

ಹೆಡ್ ಮಾಸ್ತರರು ಹಾಳೆ ಓದಿದರು. ತಿರುಗಿಸಿ ಓದಿದರು. ಅಡ್ಡ ಹಿಡಿದು ಅಂಚಿನದನ್ನೂ ಓದಿದರು. ಆಮೇಲೆ ಅವ್ವನನ್ನು ಹತ್ತಿರ ಕರೆದರು.

"ಇದೇನ್ರಿ ಅಮ್ಮಾರ. ಒಂದ ಶಬ್ದ ತುಂಬು ಅಂದ್ರ ಪುರಾಣ ತುಂಬ್ಯಾಳ." ಕೆಮ್ಮಿದರು. "ನಾಕು ವರ್ಷ ಮನ್ಯಾಗ ಇಟಗೊಂಡು ಕತಿ ಹೇಳೀರಿ. ಕತಿ ಕೇಳಿ ಯಾರರ ಮುಲ್ಕಿ ಪಾಸ್ ಆಗ್ಯಾರೇನ್ರಿ?" ಕೆಮ್ಮು, ಕರವಸ್ತ್ರ. "ಎಲ್ಲಾ ತಾಯಂದಿರು ಒಲಿ ಮುಂದ ಸಾಲಿ ತಗದ್ರ ನಾವು ಇಲ್ಲಿ ಗಂಟಿ ಬಾರಿಸಿಕೋತ ಕುಂಡ್ರಬೇಕೇನು? ಈ ಹಾಳಿ ತೋರಿಸಿದ್ರ ನಮ್ಮ ಸಿಪಾಯಿ ಸೈತ ನಗತಾನ." ಮತ್ತೆ ಕೆಮ್ಮು. "ಈಕಿನ್ನ ಎರಡನೇತ್ತಾದಾಗ ಕುಂಡ್ರಸ್ತೇನಿ. ಸಣ್ಣ ಹುಡುಗರ ಜೋಡಿ ಕುಂತು ಒಂದ ಶಬ್ದ ಬರಿಯೂದು ಕಲೀಲಿ."

ಎರಡನೆಯ ಇಯತ್ತೆ. ನಾನು ಲೆಕ್ಕ ಹಾಕಿದೆ. ಏಲ್ಯಾ ಶಾಲೆಗೆ ಬಂದರೆ ಅವನೂ ಅದರಲ್ಲೇ.

ಅವ್ವ ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಸೆರಗು ಸರಿ ಮಾಡಿಕೊಂಡಳು. ನನ್ನ ಕಡೆ ತಿರುಗಿ, ಒಲೆಯ ಮುಂದೆ ಕೂತಾಗಿನ ದನಿಯಲ್ಲೇ ಹೇಳಿದಳು: "ಸುಗುಣಾ, ಸರ್ ಏನ ಹೇಳಿದ್ರು, ಹೊಳ್ಳಿ ಹೇಳು."

ಅದು ಯೋಚಿಸಿ ಆಡಿದ ಮಾತೋ, ದಿಕ್ಕು ತಿಳಿಯದಾದಾಗ ಬಾಯಿಗೆ ಬಂದ ರೂಢಿಯೋ, ನನಗೆ ಇಂದಿಗೂ ಗೊತ್ತಿಲ್ಲ. ಅವಳನ್ನು ಕೇಳಿದರೆ, "ನಿನಗ ಏನ ಅನಸ್ತೈತಿ, ಅದನ್ನ ತುಂಬಿಕೋ" ಎನ್ನುತ್ತಾಳೆ.

ನಾನು ಹೇಳಿದೆ. ಇದೇನ್ರಿ ಅಮ್ಮಾರ ಎಂಬಲ್ಲಿಂದ ಶುರು ಮಾಡಿದೆ. ಪುರಾಣ ತುಂಬ್ಯಾಳ ಎಂದು ಹೇಳಿ ಕೆಮ್ಮಿದೆ. ಮುಲ್ಕಿ ಪಾಸ್ ಆಗ್ಯಾರೇನ್ರಿ ಎಂದು ಕೆಮ್ಮಿ, ಲಂಗದ ಅಂಚನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಒತ್ತಿದೆ. ಬಿಟ್ಟು ಹೇಳಿದರೆ ಅದು ಹೇಳಿದ ಹಾಗಲ್ಲ. ಒಲೆ ಮುಂದಿನ ಶಾಲೆ, ಗಂಟೆ ಬಾರಿಸುತ್ತ ಕೂಡುವುದು, ಎಲ್ಲವೂ ಆಯಿತು. ನಮ್ಮ ಸಿಪಾಯಿ ಸೈತ ನಗತಾನ ಎಂದಾಗ, ಬಾಗಿಲಲ್ಲಿ ನಿಂತಿದ್ದ ಸಿಪಾಯಿ, ಗಂಟೆ ಬಾರಿಸುವ ಜವಾನ, ನಿಜವಾಗಿಯೂ ನಕ್ಕುಬಿಟ್ಟ. ನಾನು ನಿಲ್ಲಿಸಲಿಲ್ಲ. ಎರಡನೇತ್ತಾದಾಗ ನನ್ನನ್ನು ನಾನೇ ಕೂಡಿಸಿ, ಒಂದ ಶಬ್ದ ಬರಿಯೂದು ಕಲೀಲಿ ಎಂದು ಮುಗಿಸಿದೆ.

ಹೆಡ್ ಮಾಸ್ತರರಿಗೆ ಕೆಮ್ಮು ಬಂತು. ಅವರು ಅದನ್ನು ನುಂಗಿಕೊಂಡದ್ದು ನನಗೆ ಕಂಡಿತು.

"ಕತಿ ಪುಸ್ತಕದ್ದೂ ಹೀಂಗ ಹೇಳ್ತಾಳೇನು?" ಎಂದು ಅವ್ವನನ್ನು ಕೇಳಿದರು.

"ಹೌದ್ರಿ. ಓದಿದ್ದೆಲ್ಲಾ."

"ಎಲ್ಲಾ ಬರ್ತೈತಿ, ಒಂದ ಶಬ್ದ ಬರಿಯೂದು ಬರೂದಿಲ್ಲ. ಅದನ್ಯಾಕ ಕಲಿಸ್ಲಿಲ್ರಿ?"

"ಅದು ನನಗ ಬರೂದಿಲ್ರಿ ಸರ್," ಎಂದಳು ಅವ್ವ. "ಅದನ್ನ ನೀವ ಕಲಿಸ್ರಿ. ಅದಕ್ಕ ಕರಕೊಂಡು ಬಂದೇನಿ."

ಅವರು ನನ್ನ ಹಾಳೆಯನ್ನು ಇನ್ನೊಮ್ಮೆ ಎತ್ತಿಕೊಂಡರು. ಈ ಸಲ ಹಿಂದಿನ ಪುಟ, ಜೇನುನೊಣದ್ದು. ಓದಿ ಮುಗಿಸಿ ದಾಖಲೆಯ ಪುಸ್ತಕ ತೆರೆದರು. ಐದು ಎಂದು ಬರೆದದ್ದನ್ನು ನಾನು ತಲೆಕೆಳಗಾಗಿ ಓದಿದೆ.

ಹೊರಗೆ ಬೇವಿನ ಗಿಡದ ಕೆಳಗೆ ಚಿಗವ್ವ ಒಂದೇ ಕಾಲ ಮೇಲೆ ನಿಂತವಳ ಹಾಗೆ ನಿಂತಿದ್ದಳು. ಅವ್ವ ನಡೆದದ್ದನ್ನು ಹೇಳಲಿಲ್ಲ, ನನ್ನ ಕಡೆ ಕೈ ತೋರಿಸಿದಳು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಚಿಗವ್ವ ಪೂರ್ತಿ ಕೇಳಿಸಿಕೊಂಡು ಮಗನ ತಲೆಯ ಮೇಲೆ ಮೆಲ್ಲಗೆ ತಟ್ಟಿ, "ಕೇಳಿದ್ಯೇನಲೇ ಏಲ್ಯಾ? ನೀನೂ ಇವತ್ತಿನಿಂದ ಕೆಮ್ಮೂದು ಕಲಿ" ಎಂದಳು. ಅವನು ಇನ್ನೆರಡು ವರ್ಷ ಮಗ್ಗದ ಮನೆಯಲ್ಲೇ ಓದಿದ.

ಶಾಲೆಯಲ್ಲಿ ನಾನು ಬೇಗನೆ ಕಲಿತೆ. ಬಿಟ್ಟ ಸ್ಥಳದಲ್ಲಿ ಒಂದು ಶಬ್ದ. ಮಲಪ್ರಭಾ ದಂಡೆಯ ಮೇಲೆ ಪಟ್ಟದಕಲ್ಲು. ರೈತನು ಜೋಳ. ಅವನ ಹೆಂಡತಿಯನ್ನೂ ಬುತ್ತಿಯನ್ನೂ ಕೈ ಬಿಟ್ಟೆ. ನನ್ನ ಪಾಲಿನ ಬೆಳಗಿನ ಓದು ನಿಂತುಹೋಯಿತು, ಹೊತ್ತು ಸಾಲುತ್ತಿರಲಿಲ್ಲ. ಸಂಜೆ ಅವ್ವ ರೊಟ್ಟಿಗೆ ಕೂತಾಗ, "ಇವತ್ತು ಸಾಲ್ಯಾಗ ಏನ ಹೇಳಿದ್ರು?" ಎಂದು ಕೇಳುವಳು. "ಏನೂ ಹೇಳ್ಲಿಲ್ಲ. ಬರಕೋರಿ ಅಂದ್ರು, ಬರಕೊಂಡ್ವಿ" ಎನ್ನುವೆ. ಅವ್ವ ಹೂಂ ಎನ್ನುವಳು. ರೊಟ್ಟಿಯ ಸಪ್ಪಳ ನಡುವೆ ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ನಮ್ಮ ಮಾಸ್ತರರು ರಜೆ ಹಾಕಿದರು. ಹೆಡ್ ಮಾಸ್ತರರೇ ತರಗತಿಗೆ ಬಂದರು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ನೇಕಾರರು ನೂಲು ಕೊಂಡಿ ಹಾಕಿ ಜೋಡಿಸುವುದು ಹೇಗೆ ಎಂದು ಪುಸ್ತಕ ಮುಚ್ಚಿಟ್ಟು ಹೇಳಿದರು. ಎಲ್ಲರೂ ವಹಿ ತೆಗೆದು, ಬರೆದುಕೊಳ್ಳಿ ಎನ್ನುವುದನ್ನು ಕಾಯುತ್ತ ಕೂತೆವು.

"ವಹಿ ಮುಚ್ಚರಿ" ಎಂದರು. ಆಮೇಲೆ ನನ್ನ ಸಾಲಿನ ಕಡೆ ನೋಡಿದರು. "ಸುಗುಣಾ ಎಂಬುದಾಗಿದೆ, ಎದ್ದು ನಿಂದ್ರು. ಈಗ ನಾ ಹೇಳಿದ್ದು ಹೊಳ್ಳಿ ಹೇಳು."

ನಾನು ಎದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರು ಬೆರಳೆತ್ತಿದರು.

"ಕೆಮ್ಮು ಬಿಟ್ಟು."

ತರಗತಿಗೆ ಏನೂ ತಿಳಿಯಲಿಲ್ಲ. ನಾನು ಕೆಮ್ಮು ಬಿಟ್ಟು ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು, ಮುಗಿದ ಮೇಲೆ ಕೂಡು ಎಂದರು.

ಅಂದು ಸಂಜೆ ಅವ್ವ ಕೇಳುವ ಮೊದಲೇ ಶುರು ಮಾಡಿದೆ. ಮಾಸ್ತರರ ರಜೆ, ಸೀರೆಯ ಸೆರಗು, ವಹಿ ಮುಚ್ಚಿಸಿದ್ದು, ಬೆರಳು ಎತ್ತಿದ್ದು, ನಾನು ಎದ್ದು ನಿಂತು ಹೇಳಿದ್ದು. ಪಟ್ ಪಟ್ ಎಂದು ನಡೆದಿದ್ದ ರೊಟ್ಟಿಯ ಸಪ್ಪಳ ನಿಂತಿತು. ಎಷ್ಟೋ ತಿಂಗಳ ಮೇಲೆ.

"ಕೆಮ್ಮು ಬಿಟ್ಟು ಹೇಳಿದ್ಯಾ?"

"ಹೂಂ. ಅವರ ಬಿಡು ಅಂದ್ರು."

ಅವ್ವ ಹಿಟ್ಟಿನ ಕೈಯಿಂದಲೇ ಹಣೆಯ ಮೇಲಿನ ಕೂದಲು ಸರಿಸಿಕೊಂಡಳು.

"ಅವರ ಮುಂದ ಬಿಟ್ಟಿಯಲ್ಲ, ಸಾಕು. ಈಗ ನನಗ ಕೆಮ್ಮು ಹಾಕಿ ಹೇಳು."